ಸೇರದ ಸಭೆಯ ಏಳು ಸಹಿಗಳು

ನಸೀಮಾ, ನಿಮ್ಮನ್ನು ಕೆಲಸದಿಂದ ತೆಗೆದ ಆ ಸಭೆ ನಡೆದೇ ಇರಲಿಲ್ಲ.

ನಾನು ತೋರಿಸಿದ ಪುಟದಲ್ಲಿ ಏಳು ಸಹಿಗಳಿದ್ದದ್ದು ನಿಜ. ಏಳೂ ಅವರವರದೇ. ಆದರೆ ಅವರು ಸಹಿ ಹಾಕುವಾಗ ಆ ಪುಟ ಖಾಲಿ ಇತ್ತು. ಮೇಲಿನ ನಿರ್ಣಯವನ್ನು ಆಮೇಲೆ ಬರೆದವನು ನಾನು — ನಮ್ಮ ರಾಮನಗರದ ಆಫೀಸಿನಲ್ಲಿ, ಬಾಗಿಲು ಹಾಕಿಕೊಂಡು. ಇದಾಗಿ ಆರು ವರ್ಷವಾಯಿತು. ಹದಿನಾಲ್ಕು ವರ್ಷ ನಿಮ್ಮನ್ನು ‘ನೀನು’ ಎಂದೇ ಕರೆದೆ. ಈಗ ಕೈ ತಾನಾಗಿ ‘ನೀವು’ ಎಂದು ಬರೆಯುತ್ತಿದೆ. ಇದೂ ಒಂದು ನಾಟಕ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ.

ಖಾಲಿ ಪುಟಕ್ಕೆ ಯಾರಾದರೂ ಸಹಿ ಹಾಕುತ್ತಾರೆಯೇ ಎಂದು ಕೇಳಬಹುದು. ನಮ್ಮಂಥ ಸಣ್ಣ ಸಂಸ್ಥೆಗಳಲ್ಲಿ ಹಾಕುತ್ತಾರೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೇಂದ್ರ, ಅದಕ್ಕೆ ಸಂಯೋಜಕಿ ನೀವು, ಮೇಲೊಂದು ಕಮಿಟಿ. ಕಮಿಟಿಯವರೋ ಒಬ್ಬರು ಕುದೂರಿನಲ್ಲಿ, ಇನ್ನೊಬ್ಬರು ವಿರೂಪಾಕ್ಷಿಪುರದಲ್ಲಿ, ಮತ್ತೊಬ್ಬರು ಕನಕಪುರದಲ್ಲಿ. ಎಲ್ಲರನ್ನೂ ಒಂದೇ ದಿನ ಸೇರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಅದಕ್ಕೇ ಕಾರ್ಯದರ್ಶಿಯಾದ ನಾನು ಮೂರು ತಿಂಗಳಿಗೊಮ್ಮೆ ನಡಾವಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆ ಮನೆಗೆ ಹೋಗುತ್ತಿದ್ದೆ. ಕಾಫಿ ಕುಡಿಯುವುದು, ಪುಟದ ತಳದಲ್ಲಿ ಸಹಿ ಹಾಕಿಸಿಕೊಳ್ಳುವುದು, ಮೇಲೆ ಜಾಗ ಬಿಟ್ಟುಕೊಳ್ಳುವುದು. ವಿರೂಪಾಕ್ಷಿಪುರದ ರಾಜಮ್ಮನವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ಕೊಡಪ್ಪ, ಹಾಕ್ತೀನಿ. ನಿನ್ನ ನಂಬ್ದೆ ಇನ್ಯಾರ್ನ ನಂಬ್ಲಿ?”

ಅವರೆಲ್ಲ ನನ್ನನ್ನು ನಂಬಿದರು. ನಾನು ಮಾತ್ರ ಯಾರನ್ನೂ ನಂಬುವ ಜಾಯಮಾನದವನಲ್ಲ. ನನ್ನ ಹೆಂಡತಿ ಆಡಿಕೊಳ್ಳುವುದು ಹೀಗೆ: ಹಾಲಿಗೆ ನೀರು ಹಾಕದವನನ್ನೂ ನೀವು ಅನುಮಾನಿಸುತ್ತೀರಿ, ಇವನು ಯಾಕೆ ಹಾಕಲಿಲ್ಲ ಅಂತ.

ಆ ವರ್ಷ ನಮಗೆ ನೆರವು ಕೊಡುವವರ ಕಡೆಯಿಂದ ಒಬ್ಬರು ಕೇಂದ್ರ ನೋಡಲು ಬಂದಿದ್ದರು, ನೆನಪಿದೆಯೇ? ಮಕ್ಕಳ ನಡುವೆ ಕೂತು ನಿಮ್ಮ ಜೊತೆ ಒಂದು ಗಂಟೆ ಮಾತಾಡಿದರು. ಹೊರಡುವಾಗ ನಿಮ್ಮ ಫೋನ್ ನಂಬರ್ ಬರೆದುಕೊಂಡರು, ನನ್ನದನ್ನು ಕೇಳಲಿಲ್ಲ. ಅಷ್ಟೇ ನಡೆದದ್ದು. ಅಲ್ಲಿಂದ ಶುರುವಾಯಿತು ನನ್ನ ತಲೆಯೊಳಗಿನ ಹುಳ. ಶುಕ್ರವಾರ ಸಂಜೆ ನೀವು ತಾಯಂದಿರ ಮನೆಗಳಿಗೆ ಹೋಗುತ್ತೀರಿ ಎಂದು ಗೊತ್ತಾಯಿತು — ಯಾಕೆ? ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿದೆ, ಒಂದು ಟೀಗೆ ಒಂದು ಗಂಟೆ. ಯಾರ ಮನೆ, ಎಷ್ಟು ಹೊತ್ತು — ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಕೇಂದ್ರದಲ್ಲಿ ತಾಯಂದಿರ ಜೊತೆ ಉರ್ದುವಿನಲ್ಲಿ ಮಾತಾಡುತ್ತಿದ್ದವರು ನಾನು ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತಿದ್ದಿರಿ. ನನಗೂ ಅರ್ಥವಾಗಲಿ ಎಂಬ ಮರ್ಯಾದೆ ಅದು. ನನಗೆ ಕಂಡದ್ದು ಮಾತು ಮರೆಸುವ ಚಾಲಾಕಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ನೇರವಾಗಿ ಕೇಳಬಹುದಿತ್ತು. ಏನಮ್ಮಾ ವಿಷಯ, ಅಂತ — ಎರಡು ಪದ. ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ...

ಖಾಲಿ ಪುಟ ಕೈಯಲ್ಲೇ ಇತ್ತು. ‘ಸಂಯೋಜಕಿಯು ಸಂಸ್ಥೆಯ ಹಿತಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿರುವುದರಿಂದ ಸೇವೆಯಿಂದ ಬಿಡುಗಡೆ ಮಾಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಅಕ್ಷರ ದುಂಡಗೆ ಬರಲಿ ಎಂದು ನಿಧಾನವಾಗಿ ಬರೆದೆ.

ಮಾರನೆಯ ದಿನ ನೀವು ಆ ಪುಟ ನೋಡಿದಿರಿ. ನಿರ್ಣಯವನ್ನು ಎರಡನೆಯ ಸಲ ಓದಲಿಲ್ಲ. ಬೆರಳು ಸೀದಾ ಮೂರನೆಯ ಸಹಿಯ ಮೇಲೆ ನಿಂತಿತು.

“ಮೇಷ್ಟ್ರೂ ಹಾಕವ್ರಾ ಸಾರ್?”

ಕುದೂರಿನ ಮೇಷ್ಟ್ರು — ಕೇಂದ್ರಕ್ಕೆ ನಿಮ್ಮನ್ನು ಕರೆತಂದವರು, ಕನ್ನಡ ಓದಲು ಬರೆಯಲು ಕಲಿಸಿದವರು, ನಿಮ್ಮ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತವರು. ಆ ಒಂದು ಕ್ಷಣದಲ್ಲಿ ನಾನು ಪುಸ್ತಕ ಮುಚ್ಚಿ ತಪ್ಪಾಯಿತು ಎನ್ನಬಹುದಿತ್ತು. ಅಂದದ್ದು ಇದು:

“ಎಲ್ಲರದೂ ಒಂದೇ ಮಾತು ನಸೀಮಾ. ಅವ್ರನ್ನ ಹೋಗಿ ಕೇಳ್ಬೇಡ, ಇಕ್ಕಟ್ಟಿಗೆ ಸಿಕ್ಕಿಸ್ಬೇಡ.”

“ಅವ್ರೇ ಬ್ಯಾಡ ಅಂದ್ಮೇಲೆ ಇನ್ಯಾರ್ನ ಕೇಳ್ಲಿ ಸಾರ್,” ಎಂದಿರಿ. ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೋದಿರಿ. ಕಮಿಟಿಯವರಿಗೆಲ್ಲ ನಾನು ಹೇಳಿದ್ದು ಬೇರೆ: ನಸೀಮಾಗೆ ಒಳ್ಳೆಯ ಕೆಲಸ ಸಿಕ್ಕಿತು, ಬಿಟ್ಟುಹೋದಳು.

ವಾರದ ನಂತರ ನಿಮ್ಮ ಡ್ರಾಯರಿನಲ್ಲಿ ಒಂದು ಹಾಳೆ ಸಿಕ್ಕಿತು. ಮೇಷ್ಟ್ರು ಕಲಿಸಿದ ಅದೇ ಅಕ್ಷರ. ಕಮಿಟಿ ಸಭೆಯಲ್ಲಿ ಮಾತಾಡಲು ತಾಯಂದಿರನ್ನು ಕೇಳಿ ಬರೆದುಕೊಂಡ ವಿಷಯಗಳು: ಮಕ್ಕಳು ಮಲಗುವ ಕೋಣೆಗೆ ಪಕ್ಕದ ಒಲೆಯ ಹೊಗೆ ಬರುತ್ತದೆ. ತಾಯಂದಿರಲ್ಲಿ ಇಬ್ಬರನ್ನು ಸಭೆಗೆ ಕೂರಿಸಿಕೊಳ್ಳಬೇಕು. ಸಾರ್ ಒಬ್ಬರೇ ಎಲ್ಲಾ ಮಾಡುತ್ತಾರೆ, ಅವರ ಭಾರ ಹಂಚಿಕೊಳ್ಳಬೇಕು. ಪಾಪ, ಕೂರುವುದಕ್ಕೆ ಒಂದು ಸಭೆ ಇದೆ ಎಂದು ನಂಬಿದ್ದಿರಿ.

ಭಾರ ಹಂಚಿಕೊಳ್ಳುವುದು ಎಂದರೇನು? ನನ್ನ ಮೇಲಿನ ಕನಿಕರವೋ, ಕುರ್ಚಿಯ ಮೇಲಿನ ಕಣ್ಣೋ? ನಾಚಿಕೆ ಬಿಟ್ಟು ಹೇಳುತ್ತೇನೆ, ಇವತ್ತಿಗೂ ಒಮ್ಮೊಮ್ಮೆ ಆ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಸಿಗಬೇಕಾಗಿದ್ದ ಸಭೆಯನ್ನು ನಾನೇ ನಡೆಯಗೊಡಲಿಲ್ಲ.

ಈಗ ನಾನು ಹೊಸ ಸಂಸ್ಥೆಗಳವರಿಗೆ ಪಾಠ ಹೇಳುವವನು. ವಾರ ಮುಂಚೆ ನೋಟಿಸ್ ಕಳಿಸಿ, ಆಡಿದ್ದನ್ನೇ ಬರೆಯಿರಿ, ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿ, ಕೆಲಸದವರ ಮೇಲೆ ದೂರಿದ್ದರೆ ಮೊದಲು ಅವರ ಮಾತು ಕೇಳಿ. ಹೋದ ತಿಂಗಳು ಕನಕಪುರದ ಒಬ್ಬ ಹುಡುಗಿ ಎದ್ದು ನಿಂತು, “ನೀವು ಇಂಗೇ ಮಾಡ್ತಿದ್ರಾ ಸಾರ್?” ಎಂದು ಕೇಳಿದಳು. ಹೌದಮ್ಮಾ ಎಂದೆ. ಇವಳಿಗೆ ಯಾರೋ ಹೇಳಿ ಕಳಿಸಿದ್ದಾರೆ ಎಂದು ಅದೇ ಕ್ಷಣ ಅನುಮಾನವೂ ಬಂತು. ನಾಯಿಬಾಲ ಡೊಂಕೇ.

ಮೊನ್ನೆ ಮೇಷ್ಟ್ರ ಮನೆಗೆ ಹೋಗಿದ್ದೆ, ಅದೇ ಪುಸ್ತಕ ಹಿಡಿದುಕೊಂಡು. ಅವರಿಗೀಗ ಕಣ್ಣು ಮಂಜು. ನಾನು ತೋರಿಸಿದ ಕಡೆ ಸಹಿ ಹಾಕಿದರು, ಏನು ಎತ್ತ ಕೇಳಲಿಲ್ಲ. ಆಮೇಲೆ ಪೆನ್ನು ಕೈಯಲ್ಲೇ ಹಿಡಿದು, “ನಸೀಮಾ ನನ್ ಮ್ಯಾಲೆ ಯಾಕೋ ಮುನಿಸ್ಕಂಡವ್ಳೆ ಕಣಪ್ಪ. ಬಸ್‌ಸ್ಟ್ಯಾಂಡ್ನಲ್ಲಿ ಸಿಕ್ಕುದ್ಲು, ಆಗಿನ್ನೂ ಕಣ್ ಕಾಣ್ತಿತ್ತು, ಮಕ ತಿರುಗುಸ್ಕಂಡು ಓದ್ಲು. ನಾನೇನ್ ತಪ್ ಮಾಡ್ದೆ? ನಿಂಗೇನಾರ ಗೊತ್ತಾ?” ಎಂದರು.

ಗೊತ್ತಿಲ್ಲ ಮೇಷ್ಟ್ರೇ, ಎಂದೆ. ಆರು ವರ್ಷವಾದ ಮೇಲೂ ಹಾಗೆಂದೆ.

ಅವರು ಸಹಿ ಹಾಕಿದ ಆ ಪುಟದ ಮೇಲೆ ಏನೂ ಬರೆದಿಲ್ಲ. ಅಡ್ಡ ಗೆರೆ ಎಳೆದಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಕುದೂರಿಗೆ ಹೋಗಿ ಅವರಿಗೆ ಎಲ್ಲ ಹೇಳುತ್ತೇನೆ. ಬರುವ ಭಾನುವಾರ ಕಮಿಟಿಯ ಮುಂದೆ ಆ ಹಳೆಯ ಪುಟ ಓದಿ ಕಾರ್ಯದರ್ಶಿಯ ಜಾಗ ಬಿಡುತ್ತೇನೆ. ಇದರಿಂದ ನಿಮ್ಮ ಆರು ವರ್ಷ ವಾಪಸು ಬರುವುದಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ಯಾರ ಮನೆಗೆ ಹೋಗುತ್ತೀರಿ ಎಂದು ನಿಮ್ಮ ಹಿಂದೆ ಬಿದ್ದವನು ನಾನು. ಈ ಶುಕ್ರವಾರ ನಾನಿಲ್ಲದ ಹೊತ್ತಿನಲ್ಲಿ ಮೇಷ್ಟ್ರ ಮನೆಗೆ ಹೋಗಿ ನಸೀಮಾ. ಅವರಿಗೆ ಮುಖ ಕಾಣಿಸುವುದಿಲ್ಲ. ಬಾಗಿಲಲ್ಲೇ ನಿಮ್ಮ ಹೆಸರು ಹೇಳಿ.