ಬೆರಳಿನ ಚಾಳಿ

ಬೀರುವಿನಲ್ಲಿ ಕೊಡೆ ಹುಡುಕುತ್ತಿದ್ದಾಗ ಹಳೆಯ ಕಾರ್ಬನ್ ಹಾಳೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಬರೀ ವಾಸನೆ, ನನಗೆ ಆತ್ಮಚರಿತ್ರೆ. ವಿಜಯನಗರದಲ್ಲಿ ಮೂವತ್ತು ವರ್ಷ ಟೈಪಿಂಗ್ ಅಂಗಡಿ ಇಟ್ಟಿದ್ದವನು ನಾನು. ಚಂದ್ರಾ ಲೇಔಟಿನಿಂದ ಕೆಂಗೇರಿಯವರೆಗಿನ ಖಾತೆ, ಕರಾರು, ಅಫಿಡವಿಟ್ಟುಗಳೆಲ್ಲ ನನ್ನ ಎರಡು ತೋರುಬೆರಳುಗಳಿಂದ ಹುಟ್ಟಿದವು. ಉಳಿದ ಎಂಟು ಅಲಂಕಾರಕ್ಕೆ.

ದೀಪಾಂಜಲಿ ನಗರದ ಸೆಲ್ವಿಯಮ್ಮ ವರ್ಷಕ್ಕೊಮ್ಮೆ ಬರುತ್ತಿದ್ದರು. ಯುದ್ಧಕಾಲದಲ್ಲಿ ಶ್ರೀಲಂಕಾ ಬಿಟ್ಟು ಬಂದವರು. ಅಲ್ಲಿ ಅವರ ಮಗ ರಾಜನ್‌ನನ್ನು ಸಮವಸ್ತ್ರದವರು ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು, ಮತ್ತೆ ಸುದ್ದಿಯಿಲ್ಲ. ವಿದೇಶದ ಮಾನವ ಹಕ್ಕುಗಳ ಕಚೇರಿಯೊಂದಕ್ಕೆ ಪ್ರತಿವರ್ಷ ಇಂಗ್ಲಿಷಿನಲ್ಲೊಂದು ಕಾಗದ. "ಬರೀದಿದ್ರೆ ಫೈಲು ಮುಚ್ಚಿಬಿಡ್ತಾರೆ ಸಾರ್" ಎನ್ನುತ್ತಿದ್ದರು.

ಒಂದು ವರ್ಷ, ಕಾಗದ ಅಂಚೆಗೆ ಬಿದ್ದ ಮರುದಿನ ಕಾರ್ಬನ್ ಪ್ರತಿ ನೋಡಿದೆ. ರಾಜನ್ ಹೆಸರಿಗೆ ಮೊದಲು 'ಲೇಟ್' ಎಂದಿತ್ತು. ಆಸ್ತಿಯ ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಹೆಸರು ಬಂದೊಡನೆ ಲೇಟ್ ಹೊಡೆದು ರೂಢಿ. ಯಾರಾದರೂ ಸಾಯದೆ ಖಾತೆ ಎಲ್ಲಿ ಬದಲಾಗುತ್ತದೆ? ಒಂದು ಸರ್ಕಾರ ಇಷ್ಟು ವರ್ಷ ಬಾಯಿಬಿಡದ ವಿಷಯವನ್ನು ನನ್ನ ಬೆರಳು ಘೋಷಿಸಿಬಿಟ್ಟಿತ್ತು.

ಅವರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. "ನಿಮಗೆ ಯಾರು ಹೇಳಿದ್ರು ಸಾರ್?" ಎಂದು ಎದ್ದು ನಿಂತರು. ನನ್ನ ಬಳಿ ಸುದ್ದಿಯಿದೆ ಎಂದುಕೊಂಡಿದ್ದರು.

"ಯಾರೂ ಹೇಳಿಲ್ಲಮ್ಮ. ಬೆರಳಿನ ಚಾಳಿ."

"ಹಾಗಾದ್ರೆ ತೆಗೀರಿ. ಇದ್ದಾನೆ ಅಂತ ಹೊಡೀರಿ."

ಆಗ ನನ್ನ ವೃತ್ತಿಧರ್ಮ ಎದ್ದು ಕೂತಿತು. ಗೊತ್ತಿಲ್ಲದ್ದನ್ನು ಹೊಡೆಯಬಹುದೇ? ಲೇಟ್ ಹೊಡೆದಾಗ ಅದು ಎಲ್ಲಿ ಮಲಗಿತ್ತೆಂದು ಮಾತ್ರ ಕೇಳಬೇಡಿ. ಕೊನೆಗೆ 'ಸದರಿ ವ್ಯಕ್ತಿ ಮೃತರೆಂದು ಬರೆದದ್ದು ಟೈಪಿಸ್ಟನ ತಪ್ಪು' ಎಂದಷ್ಟೇ ತಿದ್ದುಪಡಿ ಕಳಿಸಿದೆ. ತಿಂಗಳುಗಳ ಮೇಲೆ ಉತ್ತರ ಬಂತು: ನಿಮ್ಮ ಪತ್ರ ತಲುಪಿದೆ. ಯಾವ ಪತ್ರ ಎಂದಿರಲಿಲ್ಲ. ಅಲ್ಲಿನ ಫೈಲಿನಲ್ಲಿ ರಾಜನ್ ಬದುಕಿದ್ದಾನೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಅಂಗಡಿ ಮುಚ್ಚಿದ ಮೇಲೆ ಸೆಲ್ವಿಯಮ್ಮ ಮನೆಗೇ ಬರುತ್ತಾರೆ. ಇವತ್ತು ಸಂಜೆಯೂ ಬಂದರು. ಕಂಪ್ಯೂಟರಿನಲ್ಲಿ ಹೋದ ವರ್ಷದ ಕಾಗದ ತೆರೆದೆ.

"ರಾಜನ್ ವಯಸ್ಸು ಒಂದು ಜಾಸ್ತಿ ಮಾಡಿ ಸಾರ್. ನಲವತ್ತೈದು."

ಪ್ರತಿ ವರ್ಷ ಈ ಸಾಲಿನಲ್ಲಿ ನನ್ನ ಬೆರಳು ತಡವರಿಸುತ್ತಿತ್ತು. ಇವತ್ತು ಹೊಡೆದುಬಿಟ್ಟೆ. ಅವನ ಚಹರೆ ಗುರುತಿನ ಕಲಮಿಗೆ ಬಂದಾಗ ನಾನೇ ಕೇಳಿದೆ: "ಕನ್ನಡಕ ಬಂದಿರಬೇಕು, ಅಲ್ವಾ ಅಮ್ಮ?"

"ಅವರಪ್ಪನಿಗೆ ನಲವತ್ತಕ್ಕೇ ಬಂದಿತ್ತು. ಹಾಕಿ ಸಾರ್."

ಹಾಕಿದೆ.