ಐದೂವರೆ ನಂಬರಿನ ಚಷ್ಮಾ, ಒಂದು ಧಾರೆಯ ಫೋಟೋ

ಕನ್ನಡಕ ಹಾಕುವವನು ಕ್ಯಾಮರಾ ಹಿಡಿಯಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೆ ಕ್ಯಾಮರಾ ಮಾಡಿದವರಿಗೆ ಈ ಲೋಕದಲ್ಲಿ ಕನ್ನಡಕದವರೂ ಇದ್ದಾರೆ ಎಂಬುದು ನೆನಪಿದ್ದಂತೆ ಕಾಣುವುದಿಲ್ಲ. ಕಿಂಡಿಗೆ ಕಣ್ಣು ಒತ್ತಿ ನೋಡಬೇಕು, ಕಣ್ಣಿನ ಮುಂದೆ ಗಾಜು. ಗಾಜಿಗೆ ಗೀರು ಬೀಳುತ್ತದೆ, ಬೆವರಿನ ಹಬೆ ಕೂರುತ್ತದೆ, ಮದುಮಗಳು ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಕಣ್ಣು ಕಿಂಡಿಯಿಂದ ಒಂದು ಬೆರಳು ದೂರ ಉಳಿಯುವುದರಿಂದ ಚಿತ್ರದ ನಡುಭಾಗ ಕಾಣುತ್ತದೆ, ಅಂಚು ಕಾಣುವುದಿಲ್ಲ. ಎಡ ಮೂಲೆಗೊಮ್ಮೆ, ಬಲ ಮೂಲೆಗೊಮ್ಮೆ ಮುಖ ಹೊರಳಿಸಿ ನೋಡಬೇಕು. ನನ್ನ ಈ ಒದ್ದಾಟ ಕಂಡು ಹೆಂಡತಿ, "ನೀವು ಫೋಟೋ ತೆಗೆಯುವುದಾ, ಕ್ಯಾಮರಾ ಮೂಸುವುದಾ ಮಾರಾಯ್ರೇ?" ಎಂದು ಕೇಳಿದ್ದುಂಟು.

ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ತಿರುಗಣೆ ಇರುತ್ತದೆ. ಅದನ್ನು ನಮ್ಮ ಕಣ್ಣಿನ ನಂಬರಿಗೆ ತಿರುಗಿಸಿಕೊಂಡರೆ ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಾಣುತ್ತದಂತೆ. ನನ್ನ ಕ್ಯಾಮರಾದಲ್ಲಿ ಅದು ಮೈನಸ್ ಮೂರಕ್ಕೇ ನಿಂತುಬಿಡುತ್ತಿತ್ತು. ನನ್ನದು ಐದೂವರೆ. ನಲವತ್ತು ದಾಟಿದ ಮೇಲೆ ಚಾಳೀಸು ಬೇರೆ ಬಂತು. ದೂರದ್ದು ನೋಡಲು ಕನ್ನಡಕ ಮೂಗಿನ ಮೇಲೆ, ತೆಗೆದ ಫೋಟೋವನ್ನು ಹಿಂದಿನ ಪರದೆಯಲ್ಲಿ ನೋಡಲು ಹಣೆಯ ಮೇಲೆ. ಒಂದು ಮದುವೆ ಮುಗಿಯುವಷ್ಟರಲ್ಲಿ ಅದು ನೂರು ಸಲ ಹತ್ತಿ ಇಳಿಯುತ್ತಿತ್ತು.

ಆದರೂ ಬಿಡಲಿಲ್ಲ. ವಾರವಿಡೀ ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕೂತು ಯಂತ್ರದ ಭಾಗಗಳ ನಕ್ಷೆ ಬರೆಯುತ್ತಿದ್ದ ನನಗೆ, ರವಿವಾರ ಡೊಂಬಿವಲಿಯ ಯಾವುದಾದರೊಂದು ಮದುವೆ ಹಾಲಿನಲ್ಲಿ ನಗುವ ಮುಖಗಳನ್ನು ಹಿಡಿಯುವುದೇ ಉಸಿರಾಟವಾಗಿತ್ತು. ನಮ್ಮ ಊರಿನ ಕಡೆಯವರು ನನ್ನನ್ನೇ ಕರೆಯುವುದಕ್ಕೆ ಒಂದು ಕಾರಣವಿತ್ತು. ಇಲ್ಲಿನ ಮರಾಠಿ ಫೋಟೋಗ್ರಾಫರುಗಳು ನನಗಿಂತ ಹತ್ತು ಪಾಲು ಚೆನ್ನಾಗಿ ತೆಗೆಯುತ್ತಾರೆ. ಆದರೆ ಅವರ ಜೀವವೆಲ್ಲ ಮಂಗಳಾಷ್ಟಕದ ಅಕ್ಷತೆಯಲ್ಲಿ. ನಮ್ಮವರಿಗೆ ಮದುವೆ ಎಂದರೆ ಧಾರೆ. ಮದುಮಗಳ ಕೈಯನ್ನು ಮದುಮಗನ ಕೈಯಲ್ಲಿಟ್ಟು ಅದರ ಮೇಲೆ ತಾಯಿ ಗಿಂಡಿಯಿಂದ ನೀರು ಬಿಡುವ ಆ ಅರ್ಧ ನಿಮಿಷ. ಅಷ್ಟರಲ್ಲಿ ಫೋಟೋದವನು ಬ್ಯಾಟರಿ ಬದಲಾಯಿಸಲು ಹೋಗಿದ್ದರೆ ಮುಗಿಯಿತು. ಇನ್ನೊಮ್ಮೆ ಎರೆಯಿರಿ ಎಂದು ಹೇಳುವ ಹಾಗಿಲ್ಲ, ಕೊಟ್ಟ ಹೆಣ್ಣನ್ನು ಎರಡು ಸಲ ಕೊಡುವುದುಂಟೇ?

ನಾವಿದ್ದ ಹೌಸಿಂಗ್ ಸೊಸೈಟಿಯ ಎರಡನೆಯ ಮಾಳಿಗೆಯಲ್ಲಿ ಉಡುಪಿ ಕಡೆಯ ಒಬ್ಬರು ಹೆಂಗಸು ಇದ್ದರು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರ ಯಜಮಾನರು ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಸಣ್ಣದೊಂದು ಹೋಟೆಲು ಇಟ್ಟಿದ್ದರು. ಮಗಳು ಆರನೆಯ ಇಯತ್ತೆಯಲ್ಲಿದ್ದಾಗ ಅವರು ತೀರಿಕೊಂಡರು. ಹೋಟೆಲು ಮಾರಿ ಊರಿಗೆ ಹೋಗಿ ಎಂದು ನೆಂಟರೆಲ್ಲ ಹೇಳಿದರೂ ಅಕ್ಕ ಕೇಳಲಿಲ್ಲ. ದಿನಾ ಬೆಳಗಾಗುವ ಮೊದಲೇ ಎದ್ದು, ಶಿಳ್‌ಫಾಟಾ ರಸ್ತೆಯ ಧೂಳು ಕುಡಿದುಕೊಂಡು ಕಳಂಬೋಲಿಗೆ ಹೋಗಿ, ಟ್ರಕ್ ಡ್ರೈವರುಗಳಿಗೆ ಇಡ್ಲಿ ಬಡಿಸಿ ಮಗಳನ್ನು ಓದಿಸಿದರು. ಇಡ್ಲಿ ಪಾತ್ರೆಯ ಹಬೆಗೆ ಬೆಂದ ಅವರ ಬಲಗೈಯ ಮೇಲೆ ಒಂದು ಉದ್ದನೆಯ ಕಲೆಯಿತ್ತು. ಅಂಥ ಗಟ್ಟಿಗಿತ್ತಿ, ಮಗಳ ಮದುವೆ ಗೊತ್ತಾದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು.

"ಧಾರೆ ಭಾವ, ಅಕ್ಕ ಎರೀತಾರೆ," ಎಂದರು. ಗಂಡನ ಅಣ್ಣ, ಅವರ ಹೆಂಡತಿ ಎಂದು ಅರ್ಥ. "ನಾನು ಮುಂದೆ ಬರುವ ಹಾಗಿಲ್ಲ, ನಿಮಗೆ ಗೊತ್ತುಂಟಲ್ಲ. ಸ್ಟೇಜಿನ ಎಡಬದಿ ಕಂಬದ ಹತ್ರ ನಿಲ್ತೇನೆ. ಧಾರೆ ಆಗುವಾಗ ಮಗಳೊಟ್ಟಿಗೆ ನಾನೂ ಒಂದು ಫೋಟೋದಲ್ಲಿ ಇರ್ಬೇಕು. ಮೂಲೆಯಲ್ಲಾದ್ರೂ ಆದೀತು. ಬೇರೆ ಎಂತದೂ ಬೇಡ ನಂಗೆ."

ಗಂಡ ಸತ್ತವರು ಧಾರೆಯ ಹೊತ್ತಿಗೆ ಮುಂದೆ ನಿಲ್ಲಬಾರದು ಎನ್ನುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಪಾಲಿಸುವ ಮಾತು. ನನಗೆ ಸಿಟ್ಟು ಬಂದಿತ್ತು. ಬಂದ ಸಿಟ್ಟನ್ನು ಚಹಾದ ಜೊತೆ ನುಂಗಿದೆ. "ಖಂಡಿತಾ ಅಕ್ಕ, ಅದು ನನ್ನ ಜವಾಬ್ದಾರಿ," ಎಂದೆ.

ಮದುವೆ ಮೇ ತಿಂಗಳಲ್ಲಿ. ಹಾಲಿನಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ಕಡೆಯುತ್ತಿದ್ದವು. ಧಾರೆಗೆ ಮೊದಲು ನಾನು ಜಾಗ ನೋಡಿಕೊಂಡೆ. ನಡುವೆ ವಧೂವರರು, ಎಡಕ್ಕೆ ಕಂಬ. ಡೆಕೊರೇಟರಿನವನು ಕಂಬಕ್ಕೆ ಕೆನೆ ಬಣ್ಣದ ಬಟ್ಟೆ ಸುತ್ತಿದ್ದ. ಅದರ ಮುಂದೆ ಅಕ್ಕ, ಅವರೂ ಕೆನೆ ಬಣ್ಣದ ಸೀರೆಯಲ್ಲೇ. ನಾನು ಕೈಯೆತ್ತಿ ಸನ್ನೆ ಮಾಡಿದೆ, ಅವರು ತಲೆಯಾಡಿಸಿದರು.

ಮುಹೂರ್ತಕ್ಕೆ ಎರಡು ನಿಮಿಷ ಇರುವಾಗ ವಿಡಿಯೋದವನು ದೀಪ ಎತ್ತಲು ಹೋಗಿ ಮೊಣಕೈಯಿಂದ ನನ್ನ ಮುಖಕ್ಕೆ ತಿವಿದ. ಚಷ್ಮಾ ಹಾರಿ ಎಲ್ಲೋ ಜನರ ಕಾಲಡಿ ಬಿತ್ತು. "ಸಾರಿ ಅಂಕಲ್, ಸಾರಿ," ಎನ್ನುತ್ತ ಅವನು ಬಗ್ಗುವಷ್ಟರಲ್ಲಿ ವಾದ್ಯ ಜೋರಾಯಿತು. ಹುಡುಕಲು ಹೊತ್ತಿರಲಿಲ್ಲ. ಫೋಕಸ್ ಕ್ಯಾಮರಾವೇ ಮಾಡಿಕೊಳ್ಳುತ್ತದೆ, ನನ್ನ ಕೆಲಸ ಎಲ್ಲರೂ ಚೌಕಟ್ಟಿನೊಳಗೆ ಇರುವಂತೆ ನೋಡುವುದಷ್ಟೇ ಎಂದು ಧೈರ್ಯ ತಂದುಕೊಂಡೆ. ಬರಿಗಣ್ಣನ್ನು ಕಿಂಡಿಗೆ ಒತ್ತಿದರೆ ಬರೀ ಬಣ್ಣಗಳು. ಕೆಂಪು ಮದುಮಗಳು, ಬಿಳಿ ಮದುಮಗ, ಸುತ್ತ ಕಲಸಿದ ಹಳದಿ ಹಸಿರು. ಎಡಕ್ಕೆ ಕೆನೆ ಬಣ್ಣ. ಅಕ್ಕ! ನಾನು ಕ್ಯಾಮರಾವನ್ನು ಇನ್ನಷ್ಟು ಎಡಕ್ಕೆ ವಾಲಿಸಿ, ಆ ಕೆನೆ ಬಣ್ಣ ತಪ್ಪಿಹೋಗದ ಹಾಗೆ ಹಿಡಿದು ನಾಲ್ಕೈದು ಸಲ ಒತ್ತಿದೆ. ವಾದ್ಯದ ನಡುವೆ ಯಾರೋ ಏನೋ ಕೂಗಿದರು, ಪುರೋಹಿತರೂ ಏನೋ ಗದರಿದರು. ನಾನು ಕಿವಿಗೊಡಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಎಂಬ ಸಮಾಧಾನದಲ್ಲಿ ಕಣ್ಣು ತುಂಬಿ ಬಂತು.

ಕಾಲು ಬಾಗಿದ ಚಷ್ಮಾ ಕೈಗೆ ಬಂದಾಗ ಧಾರೆ ಮುಗಿದಿತ್ತು. ಅದನ್ನು ಮೂಗಿಗೇರಿಸಿ ನೋಡುತ್ತೇನೆ, ಕಂಬದ ಮುಂದೆ ಯಾರೂ ಇಲ್ಲ! ಅಕ್ಕ ಮಂಟಪದ ನಡುವೆ, ನನಗೆ ಬಲಕ್ಕೆ, ಮಗಳ ಪಕ್ಕ ನಿಂತಿದ್ದಾರೆ. ಸೆರಗಿನ ತುದಿ ಒದ್ದೆ, ಕೈಯಲ್ಲಿ ಖಾಲಿ ಗಿಂಡಿ.

ನಡೆದದ್ದನ್ನು ಹೆಂಡತಿ ಹೇಳಿದಳು. ಅಕ್ಕನ ಓರಗಿತ್ತಿ, ಅಂದರೆ ಮದುಮಗಳ ದೊಡ್ಡಮ್ಮ, ಗಿಂಡಿ ಎತ್ತಿದಾಗ ಮದುಮಗಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳಂತೆ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. "ಅಮ್ಮಾ, ತೂ ಆ ನಾ! ತೂ ನಹೀ ಆಯೇಗೀ ತೋ ಮೈ ಹಾಥ್ ನಹೀ ದೂಂಗೀ," ಎಂದು ಕೂಗಿದಳಂತೆ, ನೀನು ಬಾರದೆ ನಾನು ಕೈ ಕೊಡುವುದಿಲ್ಲ ಎಂದು. ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಪುರೋಹಿತರು, "ಮುಹೂರ್ತ ಮೀರ್ತದೆ, ಯಾರಾದ್ರೂ ಒಬ್ರು ಎರೀರಿ ಮಾರಾಯ್ರೇ!" ಎಂದು ಗದರಿದರು. ಆಗ ದೊಡ್ಡಮ್ಮನೇ ಹೋಗಿ ಅಕ್ಕನ ಕೈಹಿಡಿದು ಕರೆತಂದು ಗಿಂಡಿ ಕೊಟ್ಟರಂತೆ. ಆ ಹಿರಿಯ ಜೀವಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಚಷ್ಮಾ ಹಣೆಗೇರಿಸಿ ಪರದೆ ನೋಡಿದೆ. ಕ್ಯಾಮರಾ ತನ್ನ ಕೆಲಸ ಚೊಕ್ಕವಾಗಿ ಮಾಡಿತ್ತು. ಎಡಗಡೆ ಡೆಕೊರೇಟರಿನವನು ಸುತ್ತಿದ ಬಟ್ಟೆಯ ಒಂದೊಂದು ನೆರಿಗೆಯೂ ಸ್ಪಷ್ಟ. ಬಲ ಅಂಚಿನಲ್ಲಿ ಗಿಂಡಿ ಹಿಡಿದ ಎರಡು ಕೈಗಳು, ಒಂದರ ಮೇಲೆ ಉದ್ದನೆಯ ಕಲೆ. ಮೊಣಕೈಯಿಂದ ಆಚೆಗೆ ಅಕ್ಕ ಇಲ್ಲ. ಐದು ಫೋಟೋಗಳಲ್ಲೂ ಇಲ್ಲ. ವಿಡಿಯೋದವನದೂ ಅದೇ ಗತಿ, ಅವನು ಆಗ ನೆಲದಲ್ಲಿ ನನ್ನ ಚಷ್ಮಾ ಹುಡುಕುತ್ತಿದ್ದ.

ಚಷ್ಮಾ ಬಿದ್ದರೆ ಪಾಪ ಇವರಾದರೂ ಏನು ಮಾಡಿಯಾರು ಎಂದು ಎಲ್ಲರೂ ಅಂದರು. ನನಗೂ ಹಾಗೆಯೇ ಹೇಳಿಕೊಳ್ಳುವ ಆಸೆ. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಗುತ್ತಿತ್ತು ಅದು. ಕೆನೆ ಬಣ್ಣ ಮಂಟಪದ ನಡುವೆಯೂ ಇತ್ತಲ್ಲ, ಅಲ್ಲಿ ನಾನು ಹುಡುಕಲೇ ಇಲ್ಲ. ವಿಧವೆ ಕಂಬದ ಹತ್ತಿರವೇ ಇರುತ್ತಾಳೆ ಎಂದು ಅಂದು ಸಿಟ್ಟು ಬಂದಿದ್ದ ನನ್ನ ತಲೆಯೂ ನಂಬಿತ್ತು. ಅದಕ್ಕೆ ಯಾವ ನಂಬರಿನ ಗಾಜು ಕೊಡುತ್ತಾರೆ?

ವಾರ ಬಿಟ್ಟು ಫೋಟೋ ಹಿಡಿದು ಅಕ್ಕನ ಮನೆಗೆ ಹೋದೆ. ಅವರು ಓದುವ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನನ್ನ ಮುಖ ಬರ್ಲಿಲ್ಲ ಅಲ್ವಾ," ಎಂದರು.

"ತಪ್ಪು ನಂದೇ ಅಕ್ಕ. ಚಷ್ಮಾ ಬಿದ್ದದ್ದು ನಿಜ. ಆದ್ರೆ ನಾನು ನಿಮ್ಮನ್ನು ಕಂಬದ ಹತ್ರ ಮಾತ್ರ ಹುಡುಕ್ತಾ ಇದ್ದೆ," ಎಂದೆ.

ಅಕ್ಕ ಫೋಟೋದ ಆ ಕೈಗಳ ಮೇಲೆ ಒಮ್ಮೆ ಬೆರಳಾಡಿಸಿದರು.

"ಅಲ್ಲೇ ನಿಲ್ತೇನೆ ಅಂತ ಹೇಳಿದ್ದು ನಾನೇ ಅಲ್ವಾ," ಎಂದರು. "ನೀವು ನನ್ನ ಮಾತು ಕೇಳಿದ್ರಿ. ಮಗಳು ಕೇಳ್ಲಿಲ್ಲ."