ಶಾಹೀನ್ ಕೊಟ್ಟ ಕೋನ್

ಫ್ರೆಂಡ್ಸ್, ಇವತ್ತು ಶೆಟ್ಟಿಹಳ್ಳಿಯ ಮದುವೆಮನೆಯಲ್ಲಿ ನನ್ನ ಹೊಟ್ಟೆ ಧಗಧಗ ಉರಿಯಿತು. ಮದುಮಗಳ ಎರಡೂ ಕೈಗೆ ಮೆಹಂದಿ ಹಾಕುವುದು ನಾನು, ಕಾಲಿಗೆ ಗಂಗಾನಗರದ ಶಾಹೀನ್.

ಆಸೆಪಟ್ಟು ತರಿಸಿದ್ದ ಲೋಹದ ಮೂತಿಯ ಬಾಟಲಿಯಲ್ಲಿ ಬಲಗೈ ಶುರುಮಾಡಿದೆ. ಮೆಹಂದಿ ಸರಿಯಾಗಿ ಸೋಸಿರಲಿಲ್ಲ. ಗಂಟು ಸಿಕ್ಕಿಕೊಂಡು ಗೆರೆ ಒಂದು ಕಡೆ ತುಂಡಾಯಿತು, ಇನ್ನೊಂದು ಕಡೆ ಉಂಡೆಯಾಗಿ ಬಿತ್ತು. ಪಕ್ಕದಲ್ಲಿ ಶಾಹೀನ್, ನೈಲಾನ್ ಕಾಲುಚೀಲದಲ್ಲಿ ಸೋಸಿದ ಮೆಹಂದಿಯನ್ನು ತಾನೇ ಸುತ್ತಿದ ಪ್ಲಾಸ್ಟಿಕ್ ಕೋನಿನಿಂದ ನೂಲು ಬಿಟ್ಟ ಹಾಗೆ ಬಿಡುತ್ತಿದ್ದಳು. ನನ್ನ ಪಾಡು ನೋಡಲಾರದೆ, "ಅಕ್ಕಾ, ಇದ್ರಲ್ಲಿ ಹಾಕಿ ನೋಡಿ" ಎಂದು ಒಂದು ಕೋನ್ ಕೊಟ್ಟಳು.

ಬೇಡ ಎನ್ನಬೇಕಿತ್ತು. ತೆಗೆದುಕೊಂಡೆ. ಎಡಗೈ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆಯಾಗಲಿಲ್ಲ.

ಮದುಮಗಳ ತಾಯಿ ಬಂದು ಎರಡೂ ಕೈ ನೋಡಿದರು. "ಎಡಗೈ ಶಾಹೀನ್‌ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಬಲಗೈ ಯಾರಮ್ಮ ಹಿಂಗ್ ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಶಾಹೀನ್, "ಇಲ್ಲ ಆಂಟಿ, ಎಡಗೈನೂ ಅಕ್ಕಾನೇ ಹಾಕಿದ್ದು, ನಾನು ಮುಟ್ಟೇ ಇಲ್ಲ" ಎಂದಳು. ಕೋನ್ ತನ್ನದೆಂಬ ಮಾತನ್ನೇ ಎತ್ತಲಿಲ್ಲ.

ಅವಳು ಸ್ವಲ್ಪ ಕೆಟ್ಟವಳಾಗಿದ್ದಿದ್ದರೆ ಅವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಸಲೀಸಾಗಿರುತ್ತಿತ್ತು!